ಜೇಕರೋಸಲ್ ಪೇಜಿನೇಷನ್‌ನಲ್ಲಿ ಲೋಡ್ ಆದ ತಕ್ಷಣ ಮೊದಲನೇ ಡಾಟ್ ಯಾಕೆ ಆಕ್ಟಿವ್ ಆಗಲ್ಲ?

ಜೇಕರೋಸಲ್ ಅಂದ್ರೆ ವೆಬ್ ಪೇಜಲ್ಲಿ ಸ್ಲೈಡ್‌ಗಳನ್ನ ಓಡಿಸೋ ಜೇಕ್ವೆರಿ ಪ್ಲಗಿನ್, ಯಾವ ಸ್ಲೈಡಲ್ಲಿದೀವಿ ಅಂತ ತೋರಿಸೋ ಡಾಟ್‌ಗಳನ್ನ ಹಾಕೋದು ಅದರ ಪೇಜಿನೇಷನ್ ಪ್ಲಗಿನ್. ನೀವು ಹೇಳ್ತಿರೋದು ಎರಡು ತೊಂದ್ರೆ, ಪೇಜ್ ಲೋಡ್ ಆದಾಗ ಮೊದಲನೇ ಡಾಟ್‌ಗೆ ಆಕ್ಟಿವ್ ಕ್ಲಾಸ್ (ಈಗಿನ ಡಾಟ್‌ನ ಎದ್ದು ತೋರಿಸೋ ಗುರುತು) ಬರ್ತಿಲ್ಲ, ಮೊಬೈಲ್ ಅಡ್ಡ ತಿರುಗಿಸಿದ ಮೇಲೆ ಡಾಟ್‌ಗಳಿಗೆ ನೀವು ಬರೆದ ಕ್ಲಿಕ್ ಕೋಡ್ ಓಡ್ತಿಲ್ಲ. ಎರಡಕ್ಕೂ ಮದ್ದು ಒಂದೇ. ಹ್ಯಾಂಡ್ಲರ್‌ನ (ಇವೆಂಟ್, ಅಂದ್ರೆ ಏನೋ ಆಯ್ತು ಅನ್ನೋ ಸೂಚನೆ, ಬಂದಾಗ ಓಡೋ ಕೋಡ್) ಡಾಟ್‌ಗೆ ಕಟ್ಟಬೇಡಿ, ಡಾಟ್‌ಗಳೆಲ್ಲ ಇರೋ ಡಿವ್‌ಗೆ (ಪೇಜಿನ ಆ ಡಬ್ಬಿಗೆ) ಕಟ್ಟಿ, ಅದೂ ಪೇಜಿನೇಷನ್ ಪ್ಲಗಿನ್ ಸ್ಟಾರ್ಟ್ ಮಾಡೋಕೆ ಮುಂಚೆ.

ಪ್ಲಗಿನ್ ಸ್ಟಾರ್ಟ್ ಆಗ್ತಿದ್ದ ಹಾಗೇ ಡಾಟ್‌ಗಳನ್ನ ತಾನೇ ಹುಟ್ಟಿಸಿ ಮೊದಲನೇದಕ್ಕೆ 'ಜೇಕರೋಸಲ್‌ಪೇಜಿನೇಷನ್:ಆಕ್ಟಿವ್' ಇವೆಂಟ್ ಕಳಿಸಿಬಿಡುತ್ತೆ, ನಿಮ್ಮ ಹ್ಯಾಂಡ್ಲರ್ ಅದರ ಕೆಳಗಿನ ಸಾಲಲ್ಲಿದ್ರೆ ಅದು ಬರೋಷ್ಟೊತ್ತಿಗೆ ಇವೆಂಟ್ ಆಗಿಹೋಗಿರುತ್ತೆ. ಸ್ಕ್ರೀನ್ ಅಗಲ ಬದಲಾದಾಗ ಇನ್ನೊಂದು ಕಥೆ: ಕರೋಸಲ್ ರಿಲೋಡ್ ಆಗುತ್ತೆ, ಪೇಜಿನೇಷನ್ ಆ ಡಿವ್‌ನ ಪೂರ್ತಿ ಖಾಲಿ ಮಾಡಿ ಹೊಸ ಡಾಟ್‌ಗಳನ್ನ ಹಾಕುತ್ತೆ. ಹಳೇ ಡಾಟ್‌ಗೆ ಕಟ್ಟಿದ್ದೆಲ್ಲ ಅದ್ರ ಜೊತೆಗೇ ಹೋಯ್ತು! ಡಿವ್ ಮಾತ್ರ ಹಾಗೇ ಇರುತ್ತೆ.

ಹಾಗಾಗಿ ಸಾಲು ಹೀಗಿರಲಿ: ಪೇಜಿನೇಷನ್ ಡಿವ್‌ನ ಹಿಡ್ಕೊಂಡು 'ಆನ್' ಮೆಥಡ್‌ಗೆ ಮೊದಲು ಆಕ್ಟಿವ್ ಇವೆಂಟ್ ಹೆಸರು, ಎರಡನೇ ಆರ್ಗ್ಯುಮೆಂಟ್ ಆಗಿ ಡಾಟ್‌ನ 'ಎ' ಟ್ಯಾಗ್, ಮೂರನೇದು ಫಂಕ್ಷನ್. ಫಂಕ್ಷನ್ ಒಳಗೆ 'ದಿಸ್' ಅಂದ್ರೆ ಆ ಡಾಟೇ, ಅದಕ್ಕೆ ಕ್ಲಾಸ್ ಸೇರಿಸಿ. ಅದೇ ಚೈನ್‌ನಲ್ಲಿ 'ಇನ್‌ಆಕ್ಟಿವ್'ಗೆ ಕ್ಲಾಸ್ ತೆಗೆಯಿರಿ, ಕ್ಲಿಕ್‌ಗೆ ಪ್ರಿವೆಂಟ್‌ಡೀಫಾಲ್ಟ್ ಹಾಕಿ, ಅಂದ್ರೆ ಲಿಂಕ್ ತನ್ನ ಮಾಮೂಲಿ ಕೆಲಸ ಮಾಡದ ಹಾಗೆ ತಡೀರಿ (ಇಲ್ದಿದ್ರೆ ಡಾಟ್‌ನ ಲಿಂಕ್ #2, #3 ಅಂತಿದ್ದಾಗ ಅಡ್ರೆಸ್ ಬಾರ್‌ಗೂ ಅದು ಬಂದು ಸೇರುತ್ತೆ, ಬ್ಯಾಕ್ ಬಟನ್ ಒತ್ತೋರಿಗೆ ಹಿಂಸೆ), ಕಟ್ಟಕಡೆಗೆ ಜೇಕರೋಸಲ್‌ಪೇಜಿನೇಷನ್ ಕಾಲ್. ಮೇನ್ ಕರೋಸಲ್ ಇದಕ್ಕೂ ಮುಂಚೆ ಸ್ಟಾರ್ಟ್ ಆಗಿರಬೇಕು.

ಇನ್ನೊಂದು ಮಾತು, ನಿಮ್ಮ ಕೋಡ್‌ನಲ್ಲಿ ಕ್ಲಿಕ್ ಹ್ಯಾಂಡ್ಲರ್ ಒಳಗೇ ಆಕ್ಟಿವ್ ಕ್ಲಾಸ್ ಬದಲಿಸ್ತಿದೀರಲ್ಲ, ದಯವಿಟ್ಟು ಅದನ್ನ ತೆಗೆದುಬಿಡಿ. ಆಟೋಸ್ಕ್ರೋಲ್ ಆದ್ರೆ ಅಥವಾ ಯಾರಾದ್ರೂ ಬಾಣದ ಬಟನ್ ಒತ್ತಿದ್ರೆ ಡಾಟ್ ಮೇಲೆ ಕ್ಲಿಕ್ಕೇ ಆಗಲ್ಲ, ಸ್ಲೈಡ್ ಮೂರನೇದು ತೋರಿಸ್ತಿರುತ್ತೆ, ಡಾಟ್ ಮಾತ್ರ ಒಂದನೇದರಲ್ಲೇ ಇರುತ್ತೆ. ಆಕ್ಟಿವ್ ಇವೆಂಟ್‌ಗಾದ್ರೆ ಸ್ಲೈಡ್ ಯಾವ ದಾರೀಲಿ ಬದಲಾಯ್ತು ಅನ್ನೋದು ಬೇಕಾಗಿಲ್ಲ.

ಸ್ಲೈಡ್ ಪೂರ್ತಿ ನಿಂತ ಮೇಲೆ ವಿಡಿಯೋ ಪ್ಲೇ ಮಾಡ್ಬೇಕು ಅಂತ ಕೊನೇಲಿ ಕೇಳಿದ್ರಿ, ಅದನ್ನ ಡಾಟ್ ಇವೆಂಟ್‌ಗೆ ಅಂಟಿಸೋದು ಬೇಡ, ಕರೋಸಲ್ ಮೇಲೇ 'ಜೇಕರೋಸಲ್:ಅನಿಮೇಟ್‌ಎಂಡ್' (ಸ್ಲೈಡ್ ಜಾರೋದು ಮುಗಿದಾಗ ಬರೋ ಇವೆಂಟ್) ಕೇಳಿಸ್ಕೊಳ್ಳಿ.