ಲಸಿಕೆ ಹಾಕಿಸಿದ ಮೇಲೂ ಭೇದಿ ಯಾಕೆ?

ಪ್ರಶ್ನೆ: ಮಗಳಿಗೆ 14 ತಿಂಗಳು. ರೋಟಾವೈರಸ್ ಲಸಿಕೆಯ ಎಲ್ಲ ಡೋಸ್ ಆಗಿದೆ. ಆದರೂ ವಾಂತಿ-ಭೇದಿ ಶುರುವಾಗಿ, ಪರೀಕ್ಷೆಯಲ್ಲಿ ಅದೇ ವೈರಸ್ ಅಂತ ಬಂತು. ಮೂರೇ ದಿನಕ್ಕೆ ಸುಧಾರಿಸಿದಳು, ಅಡ್ಮಿಟ್ ಮಾಡಲಿಲ್ಲ. ಲಸಿಕೆ ದಂಡವಾಯ್ತಾ ಡಾಕ್ಟ್ರೇ?

ಉತ್ತರ: ಅಡ್ಮಿಟ್ ಮಾಡಲಿಲ್ಲ ಅಂತ ನೀವೇ ಬರೆದಿದ್ದೀರಲ್ಲ ತಾಯಿ, ಲಸಿಕೆ ಇರುವುದೇ ಅದಕ್ಕೆ. ಸೋಂಕು ತಗುಲಿದರೂ ಸಾಮಾನ್ಯವಾಗಿ ಅದು ಜೋರಾಗಲು ಬಿಡುವುದಿಲ್ಲ.

ಈ ವೈರಸ್‌ನಲ್ಲಿ ಹಲವು ತಳಿಗಳಿವೆ. ಹೊರಪದರದ ಎರಡು ಪ್ರೋಟೀನ್ ನೋಡಿ ಜಿ1ಪಿ8, ಜಿ2ಪಿ4 ಎಂದೆಲ್ಲ ಹೆಸರಿಡುತ್ತಾರೆ. ಇದರ ಆರ್‌ಎನ್‌ಎ (ವೈರಸ್‌ನ ಗುಣಗಳನ್ನು ಹೊತ್ತಿರುವ ವಂಶವಾಹಿ ವಸ್ತು) 11 ತುಂಡುಗಳಲ್ಲಿದೆ. ಎರಡು ತಳಿಗಳು ಒಂದೇ ಜೀವಕೋಶಕ್ಕೆ ನುಗ್ಗಿದರೆ ತುಂಡುಗಳು ಇಸ್ಪೀಟು ಎಲೆ ಕಲಸಿದ ಹಾಗೆ ಬೆರೆತು, ಹೊಸ ತಳಿ ಹುಟ್ಟಬಹುದು. ಆದರೂ ಒಂದು ತಳಿಯಿಂದ ಬಂದ ರಕ್ಷಣೆ ಬೇರೆ ತಳಿಗೂ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಮೊದಲ ಸೋಂಕೇ ಜಾಸ್ತಿ ಕಾಡುವುದು, ಆಮೇಲಿನವು ಸೌಮ್ಯ.

ಲಸಿಕೆ ಬರುವ ಮುಂಚಿನ ವಾರ್ಡ್ ನಾನು ನೋಡಿದ್ದೇನೆ. ಮಗು ಅಳುತ್ತಿರುತ್ತಿತ್ತು, ಮೈಯ ನೀರೆಲ್ಲ ಬತ್ತಿ ಕಣ್ಣಲ್ಲಿ ಒಂದು ಹನಿ ಇಲ್ಲ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿರುತ್ತಿತ್ತು. ಈಗಲೂ ಇಂಥದ್ದು ಕಂಡರೆ, ಅಥವಾ ಆರು ಗಂಟೆ ಮೂತ್ರವೇ ಆಗದಿದ್ದರೆ, ಕಾಯಬೇಡಿ, ಆಸ್ಪತ್ರೆಗೆ ಓಡಿ.

ಮತ್ತೆ ಬಂದರೆ ಓಆರ್‌ಎಸ್ ಚಮಚದಲ್ಲಿ ಕೊಡಿ. ಲೋಟ ಹಿಡಿದರೆ ಗಟಗಟ ಕುಡಿದು ವಾಂತಿ ಮಾಡುತ್ತಾಳೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಆಂಟಿಬಯೋಟಿಕ್ ಕೇಳಬೇಡಿ, ವೈರಸ್‌ಗೆ ಅದು ನಾಟುವುದಿಲ್ಲ. ಇನ್ನೊಂದು, ಭೇದಿ ನಿಂತ ಮೇಲೂ ಕೆಲವು ದಿನ ಮಲದಲ್ಲಿ ವೈರಸ್ ಇರುತ್ತದೆ. ಡೈಪರ್ ಬದಲಿಸಿದಾಗಲೆಲ್ಲ ಸೋಪು ಹಚ್ಚಿ ಕೈ ತೊಳೆಯಿರಿ, ಅಪ್ಪನೂ ಸೇರಿ!