ಖಾಲಿ ಹಾಳೆಯ ಮುಂದೆ ಕೈ ಓಡದಿದ್ದರೆ

ಪ್ರಶ್ನೆ: ಜಲವರ್ಣ ಅಭ್ಯಾಸ ಮಾಡುತ್ತಿದ್ದೇನೆ. ಈಚೆಗೆ ಏನು ಬಿಡಿಸಬೇಕೆಂದೇ ಹೊಳೆಯುತ್ತಿಲ್ಲ. ಮೊಬೈಲಿನಲ್ಲಿ ನೂರಾರು ಚಿತ್ರ ಕೂಡಿಟ್ಟರೂ ಪ್ರಯೋಜನವಿಲ್ಲ. ಸ್ಫೂರ್ತಿಯನ್ನು ಎಲ್ಲಿ ಹುಡುಕಲಿ?

ಉತ್ತರ: ಆ ಚಿತ್ರಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವುಗಳಲ್ಲಿ ಏನಿರಬೇಕು, ಏನು ಬೇಡ ಎಂದು ಬೇರೊಬ್ಬರು ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ನಿಮಗೆ ಉಳಿಯುವುದು ನಕಲು ಮಾತ್ರ. ಕಲೆಗಟ್ಟಿದ ಗೋಡೆಯನ್ನು ದಿಟ್ಟಿಸಿದರೆ ಬೆಟ್ಟ, ನದಿ, ಕಾಳಗ ಕಾಣುತ್ತವೆ ಎಂದು ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟ ಸಲಹೆ ಇಂದಿಗೂ ಫಲ ಕೊಡುತ್ತದೆ.

ರಟ್ಟಿನಲ್ಲಿ 6×4 ಸೆಂ.ಮೀ. ಕಿಂಡಿ ಕತ್ತರಿಸಿ. ಒಂದು ಕಣ್ಣು ಮುಚ್ಚಿ, ಅದರೊಳಗಿಂದ ಮುದುಡಿದ ಬಟ್ಟೆಯನ್ನೋ ಕುರ್ಚಿಯನ್ನೋ ನೋಡಿ. ಹಾಳೆಯಲ್ಲಿ ಅದೇ ಅಳತೆಯ 10 ಚೌಕಟ್ಟು ಹಾಕಿ, ಒಂದೊಂದಕ್ಕೆ 3 ನಿಮಿಷ ಕೊಡಿ. ಕಣ್ಣು ಕಿರಿದು ಮಾಡಿ ನೋಡಿದರೆ ವಿವರ ಕರಗಿ ನೆರಳು-ಬೆಳಕು ಉಳಿಯುತ್ತದೆ. ಕಪ್ಪು, ಬೂದು, ಬಿಳಿ, ಮೂರೇ ಛಾಯೆ ಸಾಕು. ಮೊದಲ ಮೂರು-ನಾಲ್ಕು ರೂಢಿಯ ಬಲದಿಂದ ಬರುವಂಥವು, ಸಪ್ಪೆಯಾಗಿಯೇ ಇರುತ್ತವೆ. ಹೆಚ್ಚಿನವರು ಅಲ್ಲೇ ನಿಲ್ಲಿಸಿಬಿಟ್ಟು ಸೋಲುತ್ತಾರೆ. ಕುರ್ಚಿಯ ಕಾಲುಗಳಲ್ಲ, ಅವುಗಳ ನಡುವಿನ ಓರೆ ಜಾಗವೇ ಒಂದು ಆಕಾರವಾಗಿ ಕಾಣತೊಡಗುವುದು ಆಮೇಲೆ.

ವಾರ ಬಿಟ್ಟು ನೋಡಿ, ಕಣ್ಣು ಸೆಳೆದದ್ದನ್ನು 24×16 ಸೆಂ.ಮೀ.ಗೆ ಹಿಗ್ಗಿಸಿ. ಉದ್ದ-ಅಗಲದ ಅನುಪಾತ ಬದಲಿಸಿದರೆ ಮಾತ್ರ ಸಂಯೋಜನೆ ಕೆಡುತ್ತದೆ.