ಮಾತು ಬಾರದ ಮಗುವಿಗೆ ಆಟದಲ್ಲೇ ಓದು ಹಚ್ಚುವುದು ಹೇಗೆ?

ಮೊದಲು ಮಾತು ಬರಲಿ, ಆಮೇಲೆ ಓದು ಅಂತ ಕಾಯಬೇಡಿ. ಓದಲು ಕಲಿಯುವುದಕ್ಕೆ ಬಾಯಿಬಿಟ್ಟು ಹೇಳಲೇಬೇಕು ಅಂತೇನಿಲ್ಲ.

ಒಂದೇ ಸಾಲು ಮತ್ತೆ ಮತ್ತೆ ಬರುವ ಕಥೆ ಆರಿಸಿಕೊಳ್ಳಿ. ಆ ಸಾಲನ್ನು, ಒತ್ತಿದರೆ ಮಾತಾಡುವ ಬಟನ್‌ನಲ್ಲಿ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿಡಿ, ಓದುತ್ತಾ ಆ ಜಾಗ ಬಂದಾಗ ನಿಲ್ಲಿಸಿ, ಮನಸ್ಸಿನಲ್ಲೇ ಹತ್ತು ಎಣಿಸುತ್ತಾ ಮಗು ಒತ್ತಲಿ ಅಂತ ಕಾಯಿರಿ (ಈ ಕಾಯುವುದೇ ದೊಡ್ಡವರಿಗೆ ಜಾಸ್ತಿ ಕಷ್ಟ!). ಚಿತ್ರಗಳ ಬೋರ್ಡ್ (ಚಿತ್ರ ಮುಟ್ಟಿ ಹೇಳಬೇಕಾದ್ದನ್ನು ತಿಳಿಸುವ ಹಲಗೆ) ಬಳಸುವ ಮಗುವಾದರೆ ಓದುವಾಗ ನೀವೂ ಅದರಲ್ಲಿ ಆ ಪದದ ಚಿತ್ರ ಮುಟ್ಟಿ ತೋರಿಸಿ.

‘ಇದು ಯಾವ ಅಕ್ಷರ?’ ಅಂತ ಪರೀಕ್ಷೆ ಮಾಡುತ್ತಾ ಕೂತರೆ ಅದು ಆಟ ಅಲ್ಲ, ಅಲ್ವಾ? ಮರಳಲ್ಲಿ ಮಗುವಿನ ಹೆಸರಿನ ಅಕ್ಷರ ಬಚ್ಚಿಡಿ, ಸಿಕ್ಕಾಗ ಅದರ ಸದ್ದು ನೀವೇ ಹೇಳಿ. ಎರಡು ಪುಸ್ತಕ ಹಿಡಿದು ‘ಯಾವುದು ಬೇಕು?’ ಅಂತ ಕೇಳಿದಾಗ ಒಂದರತ್ತ ಕಣ್ಣು ನೆಟ್ಟರೂ ಅದು ಉತ್ತರವೇ.